ಫ್ಲೋರೈಡ್‌ಗೆ ಎರಡು ಮಿತಿ: ಯಾವುದನ್ನು ನೆಚ್ಚಿಕೊಳ್ಳಬೇಕು?

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕಿನ ಹಳ್ಳಿ. ಕುಡಿಯಲು, ಅಡುಗೆಗೆ ಹೊಲದ ಕೊಳವೆಬಾವಿಯ ನೀರನ್ನೇ ಬಳಸುತ್ತೇವೆ. ಪರೀಕ್ಷೆ ಮಾಡಿಸಿದಾಗ ಲೀಟರಿಗೆ ಫ್ಲೋರೈಡ್ 1.4 ಮಿಲಿಗ್ರಾಂ, ನೈಟ್ರೇಟ್ 58 ಮಿಲಿಗ್ರಾಂ ಎಂದು ಬಂದಿದೆ. ಫ್ಲೋರೈಡ್‌ಗೆ 1.0 ಮತ್ತು 1.5 ಎಂಬ ಎರಡು ಮಿತಿಗಳನ್ನು ವರದಿಯಲ್ಲಿ ನಮೂದಿಸಿದ್ದಾರೆ. 1.5ರ ಒಳಗಿರುವುದರಿಂದ ಕುಡಿಯಬಹುದೇ? ಈ ಮಿತಿಗಳನ್ನು ಹೇಗೆ ನಿಗದಿಪಡಿಸುತ್ತಾರೆ? ಮನೆಯಲ್ಲಿ ಮೂರು ತಿಂಗಳ ಮೊಮ್ಮಗಳಿದ್ದಾಳೆ. ಇದೇ ನೀರನ್ನು ಚೆನ್ನಾಗಿ ಕುದಿಸಿ ಹಾಲಿನ ಪುಡಿ ಕಲಸಿ ಕುಡಿಸುತ್ತೇವೆ.

ಉತ್ತರ: ಮೊದಲು ಮಗುವಿನ ವಿಷಯ. ದಯವಿಟ್ಟು ಇಂದಿನಿಂದಲೇ ಮಗುವಿಗೆ ಈ ನೀರನ್ನು ನಿಲ್ಲಿಸಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಎಳೆಯ ಮಗುವಿನ ದೇಹದಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ಮಾರ್ಪಟ್ಟು, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ತುಟಿ, ಉಗುರು ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಮೆರಿಕದ ಅಯೋವಾದಲ್ಲಿ ಬಾವಿ ನೀರಿನಿಂದ ಶಿಶುಗಳಿಗೆ ಹೀಗಾದುದನ್ನು ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ವರದಿ ಮಾಡಿದರು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500ರಲ್ಲಿ ನೈಟ್ರೇಟ್ ಮಿತಿ 45 ಮಿಲಿಗ್ರಾಂ. ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ.

ಇನ್ನು ಮಿತಿ ಗೊತ್ತುಮಾಡುವ ಬಗೆ. ಮನುಷ್ಯರ ಮೇಲಾದ ಪರಿಣಾಮದ ಮಾಹಿತಿ ಸಾಲದಿದ್ದಾಗ, ಪ್ರಯೋಗದ ಪ್ರಾಣಿಗಳಿಗೆ ತೊಂದರೆ ಮಾಡದ ಪ್ರಮಾಣದಿಂದ ಲೆಕ್ಕ ಆರಂಭಿಸುತ್ತಾರೆ. ಅದು ದೇಹತೂಕದ ಕಿಲೋಗೆ ದಿನಕ್ಕೆ 10 ಮಿಲಿಗ್ರಾಂ ಎನ್ನಿ. ಪ್ರಾಣಿಗಿಂತ ಮನುಷ್ಯ ಹೆಚ್ಚು ಸೂಕ್ಷ್ಮವಾಗಿರಬಹುದೆಂದು ಹತ್ತರಿಂದ, ಮನುಷ್ಯರಲ್ಲೇ ಕೆಲವರು ಇನ್ನೂ ಸೂಕ್ಷ್ಮರೆಂದು ಮತ್ತೆ ಹತ್ತರಿಂದ ಭಾಗಿಸಿದರೆ 0.1 ಉಳಿಯುತ್ತದೆ. 60 ಕಿಲೋ ತೂಕದವರಿಗೆ ಅದು ದಿನಕ್ಕೆ 6 ಮಿಲಿಗ್ರಾಂ. ಆಹಾರದಿಂದಲೂ ಅದೇ ವಸ್ತು ಸೇರುವುದರಿಂದ ನೀರಿನ ಪಾಲು ಸಾಮಾನ್ಯವಾಗಿ ಶೇ 20, ಅಂದರೆ 1.2 ಮಿಲಿಗ್ರಾಂ, ದಿನಕ್ಕೆ ಎರಡು ಲೀಟರ್ ಕುಡಿಯುತ್ತಾರೆಂದು ಹಿಡಿದರೆ ಮಿತಿ ಲೀಟರಿಗೆ 0.6 ಆಗುತ್ತದೆ. ಆ ಎರಡು ಲೀಟರ್ ಎಂಬ ಮಾತನ್ನು ನೆನಪಿನಲ್ಲಿಡಿ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ.

ಫ್ಲೋರೈಡ್ ವಿಷಯದಲ್ಲಿ ಪ್ರಾಣಿಗಳ ಮೊರೆ ಹೋಗಬೇಕಿಲ್ಲ. ಮುಂಭಾಗದ ಹಲ್ಲುಗಳ ಮೇಲೆ ಮೊದಲು ಸುಣ್ಣದಂಥ ಬಿಳಿ ಗೆರೆಗಳಾಗಿ, ಆಮೇಲೆ ಕಂದು ಕಲೆಗಳಾಗಿ ಕಾಣುವ ಅದರ ಗುರುತನ್ನು ನಿಮ್ಮ ತಾಲ್ಲೂಕಿನವರಿಗೆ ವಿವರಿಸಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯ 1.5 ಮಿಲಿಗ್ರಾಂ. ಆದರೆ ಆಯಾ ದೇಶಗಳು ತಮ್ಮ ಹವೆ, ಜನ ಕುಡಿಯುವ ನೀರಿನ ಪ್ರಮಾಣ ಹಾಗೂ ಇತರ ಮೂಲಗಳಿಂದ ಬರುವ ಫ್ಲೋರೈಡ್ ನೋಡಿಕೊಂಡು ಮಿತಿ ಗೊತ್ತುಮಾಡಬೇಕೆಂದು ಆ ಸಂಸ್ಥೆಯೇ ಹೇಳಿದೆ. ನಮ್ಮ ಮಾನದಂಡದಲ್ಲಿ 1.0 ಸ್ವೀಕಾರಾರ್ಹ ಮಿತಿ, 1.5 ಎಂಬುದು 'ಬೇರೆ ಮೂಲ ಇಲ್ಲದಿದ್ದಲ್ಲಿ' ಮಾತ್ರ ಅನುಮತಿಸುವ ಮಿತಿ. ಈ ಷರತ್ತನ್ನು ಬಿಟ್ಟು ಅಂಕಿಯನ್ನಷ್ಟೇ ಓದಿದರೆ ಅನಾನುಕೂಲಕ್ಕೆ ಕೊಟ್ಟ ರಿಯಾಯಿತಿ ಆರೋಗ್ಯದ ಭರವಸೆಯಂತೆ ಕಾಣುತ್ತದೆ.

ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ನಾಲ್ಕು ಲೀಟರ್ ಕುಡಿಯುವುದು ಹೆಚ್ಚೇನಲ್ಲ; ಅದರಿಂದಲೇ 5.6 ಮಿಲಿಗ್ರಾಂ ಫ್ಲೋರೈಡ್ ಸೇರುತ್ತದೆ. ಮುದ್ದೆಗೆ ಇಟ್ಟ ಎಸರನ್ನು ಹಿಟ್ಟು ಹೀರಿಕೊಳ್ಳುತ್ತದೆ, ಸಾರಿನ ನೀರೂ ಹೊಟ್ಟೆಗೇ ಹೋಗುತ್ತದೆ. ಹೀಗೆ ಇನ್ನೊಂದು ಲೀಟರ್ ಸೇರಿದರೆ ದಿನಕ್ಕೆ 7 ಮಿಲಿಗ್ರಾಂ ಆಯಿತು. ಚಹಾದ ಎಲೆಯಲ್ಲಿರುವ ಫ್ಲೋರೈಡ್ ಬೇರೆ. ಒಟ್ಟು ಸೇವನೆ ದಿನಕ್ಕೆ ಸುಮಾರು 6 ಮಿಲಿಗ್ರಾಂ ದಾಟಿದರೆ ಮೂಳೆಗಳಿಗೆ ಅಪಾಯ ಹೆಚ್ಚುವ ಸೂಚನೆಗಳಿವೆ, 14ರ ಹೊತ್ತಿಗೆ ಆ ಅಪಾಯ ಸ್ಪಷ್ಟ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಅಭಿಪ್ರಾಯ. ಒಂದೆರಡು ತಿಂಗಳಲ್ಲಿ ಏನೂ ಆಗದು, ಗಾಬರಿ ಬೇಡ; ಆದರೆ ಈ ನೀರನ್ನು ವರ್ಷಗಟ್ಟಲೆ ಕುಡಿಯಿರಿ ಎಂದು ನಾನು ಹೇಳಲಾರೆ.

ಊರಿನಲ್ಲಿ ಶುದ್ಧ ನೀರಿನ ಘಟಕವಿದ್ದರೆ ಕುಡಿಯಲು ಮಾತ್ರವಲ್ಲ, ಅಡುಗೆಗೂ ಅಲ್ಲಿಂದಲೇ ತನ್ನಿ. ಆದರೆ ಅಲ್ಲಿ ನೀರನ್ನು ಸೋಸುವ ಆರ್‌ಓ ಪೊರೆ ಸವೆದರೆ ಫ್ಲೋರೈಡ್, ನೈಟ್ರೇಟ್ ಎರಡೂ ನುಸುಳುತ್ತವೆ. ಆದ್ದರಿಂದ ಆ ನೀರನ್ನೂ ಪರೀಕ್ಷೆ ಮಾಡಿಸಿ, ಮಗುವಿನ ಹಾಲಿಗೆ ಅದನ್ನು ಕುದಿಸಿ ಬಳಸಿ. ಮನೆಯ ಕ್ಯಾಂಡಲ್ ಫಿಲ್ಟರ್‌ನಿಂದ ಇವೆರಡೂ ಹೋಗುವುದಿಲ್ಲ. ಸ್ನಾನಕ್ಕೆ, ಪಾತ್ರೆ ಬಟ್ಟೆ ತೊಳೆಯಲು ಕೊಳವೆಬಾವಿ ನೀರು ಸಾಕು.