ಮಗು ಬೇಕೆಂದವರ ಕೈಗೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚೀಟಿ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.)

ಸಲಹೆಗೆಂದು ನನ್ನ ಬಳಿ ಬಂದವರಿಗೆ 36 ವರ್ಷ. ಗಂಡ ಹೆಂಡತಿ ಇಬ್ಬರಿಗೂ ಮಗು ಬೇಕು. ಆದರೆ ಈಚೆಗೆ ಗಂಡನಿಗೆ ಸೇರುವ ಕಡೆ ಮನಸ್ಸೇ ಹೋಗುತ್ತಿರಲಿಲ್ಲ. ಸದಾ ಸುಸ್ತು, ಸಣ್ಣದಕ್ಕೂ ಸಿಡುಕು. ರಕ್ತಪರೀಕ್ಷೆಯ ರಿಪೋರ್ಟ್ ಬಿಡಿಸಿ, ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನಿನ ಸಾಲಿನ ಮೇಲೆ ಬೆರಳಿಟ್ಟರು. 262, ಕಮ್ಮಿ ಅಂತ. "ಹಾಗಾದ್ರೆ ನಾನು ಗಂಡಸೇ ಅಲ್ವಾ ಮೇಡಂ?" ಅಂದಾಗ ತಲೆ ಎತ್ತಲಿಲ್ಲ.

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಹಾರ್ಮೋನಿನ ಅಂಕಿ ನೋಡಿ ಮನುಷ್ಯ ಇಷ್ಟು ಕುಗ್ಗಬಾರದು. ಅದನ್ನೇ ಅವರಿಗೆ ಹೇಳಿದೆ. ಆಮೇಲೆ ರಿಪೋರ್ಟಿನ ಮೂಲೆಯಲ್ಲಿದ್ದ ಸಮಯ ತೋರಿಸಿದೆ. ರಕ್ತ ಕೊಟ್ಟಿದ್ದು ಸಂಜೆ 4 ಗಂಟೆಗೆ, ಅದೂ ರಾತ್ರಿ ಪಾಳಿ ಮುಗಿಸಿ ಅರೆಬರೆ ನಿದ್ದೆ ಮಾಡಿ ಎದ್ದಮೇಲೆ. ಈ ಹಾರ್ಮೋನು ಬೆಳಗ್ಗೆ ಜಾಸ್ತಿ, ಸಂಜೆಗೆ ಇಳಿಯುತ್ತದೆ. ಆದ್ದರಿಂದ ಬೆಳಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಬೇಕು. ಕಮ್ಮಿ ಬಂದರೆ ಇನ್ನೊಂದು ದಿನ ಮತ್ತೆ ನೋಡಬೇಕು. ಒಂದೇ ರಿಪೋರ್ಟ್ ನಂಬಿ ತೀರ್ಮಾನಕ್ಕೆ ಬರುವ ಹಾಗಿಲ್ಲ.

ನಿದ್ದೆಗೆಟ್ಟರೂ ಇದು ಇಳಿಯುತ್ತದೆ. ಷಿಕಾಗೋ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಯುವಕರನ್ನು ಒಂದು ವಾರ ದಿನಕ್ಕೆ 5 ಗಂಟೆ ಮಾತ್ರ ಮಲಗಲು ಬಿಟ್ಟಿದ್ದರು. ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಕುಸಿದಿತ್ತು.

ಅವರ ಜೇಬಿನಲ್ಲಿ ಇನ್ನೊಂದು ಚೀಟಿ ಇತ್ತು. ಜಿಮ್ಮಿನ ಗೆಳೆಯ ಬರೆದುಕೊಟ್ಟ ಇಂಜೆಕ್ಷನ್ ಹೆಸರು. "ಇದನ್ನ ತಗೊಂಡ್ರೆ ಮಗುವಿಗೂ ಅನುಕೂಲ ಅಂತೆ" ಅಂದರು. ನಾನು ಅಲ್ಲಿಯೇ ತಡೆದೆ. ವೃಷಣಗಳು ಕೆಲಸ ಮಾಡುವುದು ಮೆದುಳಿನ ಪಿಟ್ಯುಟರಿ ಗ್ರಂಥಿಯ ಅಪ್ಪಣೆಯಂತೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದು ಬಿದ್ದರೆ, ಸಾಕಷ್ಟಿದೆ ಅಂತ ಮೆದುಳು ಅಪ್ಪಣೆ ನಿಲ್ಲಿಸುತ್ತದೆ. ಆಗ ವೃಷಣದೊಳಗಿನ ಉತ್ಪಾದನೆ ನಿಂತು, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ಇಂಜೆಕ್ಷನ್ ಬಿಟ್ಟರೂ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಆ ಚೀಟಿ ತೆಗೆದುಕೊಂಡು ಹರಿದರು.

ಸೊಂಟದ ಸುತ್ತ ಬೊಜ್ಜು ಬೆಳೆದಿತ್ತು. ಕೊಬ್ಬಿನ ಅಂಗಾಂಶದಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನನ್ನು ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ಆಗಿ ಬದಲಾಯಿಸುತ್ತದೆ. ಹಾಗಂತ ಉಪವಾಸ ಬಿದ್ದು ತೂಕ ಇಳಿಸಬೇಡಿ, ಅದರಿಂದಲೂ ಹಾರ್ಮೋನು ಕುಸಿಯುತ್ತದೆ ಅಂದೆ. ನಿಧಾನವಾಗಿ ಇಳಿಸಿ, ಹೊಟ್ಟೆ ತುಂಬ ತರಕಾರಿ, ಸಾಕಷ್ಟು ಪ್ರೋಟೀನ್ ಇರಲಿ, ಭಾರ ಎತ್ತುವ ವ್ಯಾಯಾಮ ಮಾಡಿ. ಕುಡಿತ ಕಮ್ಮಿ ಮಾಡಿ. ಸತುವಿನ (ಜಿಂಕ್) ಪುಡಿ ಕೊಂಡಿದ್ದರು. ಸತುವಿನ ಕೊರತೆ ಇದ್ದವರಿಗೆ ಮಾತ್ರ ಅದು ಉಪಯೋಗ. ಸೋಯಾ ತಿಂದರೆ ಈ ಹಾರ್ಮೋನು ಇಳಿಯುತ್ತದೆ ಅಂತ ಅದನ್ನೂ ಬಿಟ್ಟಿದ್ದರು, ಆ ಹೆದರಿಕೆ ಸುಮ್ನೆ.

ಜೋರು ಗೊರಕೆ, ನಡುವೆ ಉಸಿರು ಕಟ್ಟಿದ ಹಾಗಾಗುತ್ತದೆ ಅಂತ ಹೆಂಡತಿ ಹೇಳಿದ್ದು ಮುಖ್ಯವಾದ ಸುಳಿವು. ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಸ್ಲೀಪ್ ಆ್ಯಪ್ನಿಯಾ ಇದೆಯಾ ಎಂದು ವೈದ್ಯರ ಹತ್ತಿರ ಪರೀಕ್ಷಿಸಿಕೊಳ್ಳಲು ಕಳಿಸಿದೆ. ವೀರ್ಯ ಪರೀಕ್ಷೆಗೂ ಹೇಳಿದೆ.

ನನ್ನ ಕೆಲಸ ಇದ್ದಿದ್ದು ಇನ್ನೊಂದು ಕಡೆ. ತಿಂಗಳಿನ ಲೆಕ್ಕ ಹಿಡಿದು, ಇಂಥ ದಿನವೇ ಸೇರಬೇಕು ಅಂತ ಇಬ್ಬರೂ ಒತ್ತಡ ತಂದುಕೊಂಡಿದ್ದರು. ಆ ಒತ್ತಡಕ್ಕೆ ಹಾರ್ಮೋನು ಸರಿಯಿದ್ದವರ ಆಸೆಯೂ ಬತ್ತುತ್ತದೆ. ಸ್ವಲ್ಪ ದಿನ ಕ್ಯಾಲೆಂಡರ್ ಬದಿಗಿಟ್ಟು, ಸುಮ್ನೆ ಜೊತೆಗಿರಿ ಅಂದೆ.

ಪಾಳಿ ಬದಲಾಯಿಸಿಕೊಂಡು ಮೂರು ತಿಂಗಳ ಮೇಲೆ ಬೆಳಗ್ಗೆ ಮಾಡಿಸಿದ ಪರೀಕ್ಷೆಯಲ್ಲಿ 358 ಬಂತು. ಎಲ್ಲರಿಗೂ ಹೀಗೆ ಇಷ್ಟರಲ್ಲೇ ಸರಿಹೋಗುವುದಿಲ್ಲ. ಬೆಳಗಿನ ಎರಡು ಪರೀಕ್ಷೆಯಲ್ಲೂ ಕಮ್ಮಿ ಬಂದರೆ, ಗಡ್ಡ ಮೀಸೆ ಉದುರಿದರೆ, ಎದೆ ಊದಿಕೊಂಡರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ತಡಮಾಡದೆ ಹಾರ್ಮೋನು ತಜ್ಞರನ್ನು ನೋಡಿ. ಮಗು ಬೇಕೆಂಬುದನ್ನು ಅವರಿಗೆ ಮೊದಲೇ ಹೇಳಿ, ಅದಕ್ಕೆ ತಕ್ಕ ಬೇರೆ ಔಷಧಿಗಳಿವೆ.