ಪಾರ್ವೋ ಬಂದು ಹೋದ ಮನೆಗೆ ಹೊಸ ಮರಿ ಯಾವಾಗ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮರಿಗಳದ್ದೇ. ಮೊದಲನೆಯದು ಪಾರ್ವೋ ಬಗ್ಗೆ, ಅಂದರೆ ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ರೋಗದ ಬಗ್ಗೆ. ಅದಕ್ಕೆ ಉತ್ತರ ಉದ್ದವಾಗಿದೆ. ಬೇರೆ ಬೇರೆ ಊರಿನ ನಾಲ್ಕೈದು ಮಂದಿ ಅದನ್ನೇ ಕೇಳಿದ್ದಾರೆ.

ಪ್ರಶ್ನೆ: ಡಾಕ್ಟ್ರೇ, ಎರಡು ತಿಂಗಳ ಹಿಂದೆ ನಮ್ಮ ಲ್ಯಾಬ್ರಡಾರ್ ಮರಿ ಪಾರ್ವೋ ಬಂದು ಸತ್ತುಹೋಯಿತು. 45 ದಿನಕ್ಕೇ ತಂದು ಒಂದು ಇಂಜೆಕ್ಷನ್ ಹಾಕಿಸಿದ್ದೆವು. ಆದರೂ ಯಾಕೆ ಬಂತು? ಅಂದಿನಿಂದ ದಿನಾ ಫಿನಾಯಿಲ್ ಹಾಕಿ ಮನೆ ಒರೆಸುತ್ತಿದ್ದೇವೆ. ಮಗಳು ಇನ್ನೊಂದು ಮರಿ ಬೇಕೆಂದು ಹಟ ಹಿಡಿದಿದ್ದಾಳೆ. ತರಬಹುದೇ? (ದಾವಣಗೆರೆ)

ಇಂಜೆಕ್ಷನ್ ಹಾಕಿಸಿದರೂ ಯಾಕೆ ಬಂತು ಎಂಬುದರಿಂದ ಶುರು ಮಾಡುತ್ತೇನೆ. ಅದು ಗೊತ್ತಾಗದೆ ಹೊಸ ಮರಿ ತಂದರೆ ಅದೇ ಕಥೆ ಮತ್ತೆ ಆಗುತ್ತದೆ.

ಮರಿ ಹುಟ್ಟಿದ ದಿನ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಇಳಿದುಬರುತ್ತದೆ. ಅದು ರಕ್ತದಲ್ಲಿ ಇರುವಷ್ಟು ದಿನ ನಾವು ಚುಚ್ಚುವ ಲಸಿಕೆಯನ್ನೂ ಹೊರಗಿನ ವೈರಸ್ಸೆಂದೇ ತಿಳಿದು ಹೊಡೆದುಹಾಕುತ್ತದೆ. ತಾಯಿ ಕೊಟ್ಟದ್ದು ಯಾವ ವಾರ ಕರಗುತ್ತದೆಂದು ಮರಿಯನ್ನು ನೋಡಿ ಹೇಳಲಾಗದು. ಒಂದೇ ಸೂಲಿನ ಎರಡು ಮರಿಗಳಲ್ಲೂ ಬೇರೆ ಬೇರೆ. ಇನ್ನೂ ಕೆಟ್ಟದ್ದೆಂದರೆ, ನಡುವೆ ಒಂದಷ್ಟು ದಿನ ಆ ಶಕ್ತಿ ಲಸಿಕೆಯನ್ನು ಕೆಡಿಸುವಷ್ಟು ಇರುತ್ತದೆ, ರೋಗವನ್ನು ತಡೆಯುವಷ್ಟು ಇರುವುದಿಲ್ಲ. ನಿಮ್ಮ ಮರಿ ಹೋದದ್ದು ಬಹುಶಃ ಆ ಸಂದಿನಲ್ಲೇ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ ಹಾಕಿ ಎಂದು ನಾವು ಹೇಳುವುದು ಅದಕ್ಕೇ. ಕೊನೆಯ ಡೋಸನ್ನು ಹೇಗೂ ಮೂರು ಆಗಿದೆಯಲ್ಲ ಎಂದು ತಪ್ಪಿಸುವವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಆ ಕೊನೆಯದು.

ಇನ್ನು ಫಿನಾಯಿಲ್. ಅದರಿಂದ ಮನೆ ಘಮ್ಮೆನ್ನಬಹುದು, ಪಾರ್ವೋ ವೈರಸ್ಸಿಗೆ ಏನೂ ಆಗುವುದಿಲ್ಲ. 1978ರ ಸುಮಾರಿಗೆ ನಾಯಿಗಳಲ್ಲಿ ಕಾಣಿಸಿಕೊಂಡು ಬೇಗನೆ ಲೋಕವೆಲ್ಲ ಹಬ್ಬಿದ ಈ ವೈರಸ್ಸು ಅಷ್ಟು ಗಟ್ಟಿ ಜೀವ. ಅದಕ್ಕೆ ಬಗ್ಗುವುದು ಬ್ಲೀಚ್. ಅಂಗಡಿಯಲ್ಲಿ ಸಿಗುವ ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಒಂದು ಲೋಟಕ್ಕೆ 30 ಲೋಟ ನೀರು ಬೆರೆಸಿ. ಮೊದಲು ಸೋಪು ನೀರಿನಲ್ಲಿ ತಿಕ್ಕಿ ಕೊಳೆ ತೆಗೆಯಿರಿ, ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡದು. ಆಮೇಲೆ ದ್ರಾವಣ ಹಾಕಿ ನೆಲ ಹತ್ತು ನಿಮಿಷ ಒದ್ದೆಯಾಗಿಯೇ ಇರಲಿ. ಕಿಟಕಿ ತೆರೆದಿಡಿ. ಇದರ ಜೊತೆ ಫಿನಾಯಿಲನ್ನಾಗಲಿ ಟಾಯ್ಲೆಟ್ ಆ್ಯಸಿಡ್ಡನ್ನಾಗಲಿ ಬೆರೆಸಬೇಡಿ. ಆ್ಯಸಿಡ್ ಸೇರಿದರೆ ಏಳುವ ಹೊಗೆ ನಿಮಗೇ ಅಪಾಯ. ಹಳೆಯ ಚಾಪೆ, ಬಟ್ಟೆಯ ಹಾಸಿಗೆ, ಕಡಿದ ಆಟಿಕೆ, ಬೆಲ್ಟು ಎಲ್ಲವನ್ನೂ ಎಸೆಯಿರಿ.

ಟೈಲ್ಸ್ ನೆಲವೇನೋ ಸರಿಹೋಗುತ್ತದೆ. ಹಿತ್ತಲಿನ ಮಣ್ಣಿಗೆ ಬ್ಲೀಚ್ ಸುರಿದು ಉಪಯೋಗವಿಲ್ಲ. ನೆರಳು, ತೇವ ಇರುವ ಮಣ್ಣಿನಲ್ಲಿ ವೈರಸ್ಸು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದವರೆಗೂ ಉಳಿಯುತ್ತದೆ. ಹಾಗಾಗಿ, ಹಿತ್ತಲಿರುವ ಮನೆಯಾದರೆ ಒಂದು ವರ್ಷ ಕಾಯಿರಿ. ಕಾಯಲಾಗದಿದ್ದರೆ 16 ವಾರದ ಲಸಿಕೆಯೂ ಮುಗಿದು ಎರಡು ವಾರ ಕಳೆದ ಮರಿಯನ್ನು, ಇಲ್ಲವೇ ಲಸಿಕೆಯಾದ ದೊಡ್ಡ ನಾಯಿಯನ್ನೇ ತನ್ನಿ. ನಾಲ್ಕು ತಿಂಗಳು ದಾಟಿದ ಮರಿ ನಮಗೆ ಹೊಂದಿಕೊಳ್ಳುವುದಿಲ್ಲ ಎಂದು ಜನ ಹಿಂಜರಿಯುತ್ತಾರೆ. ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ, ಮಗಳಿಗೆ ಹೇಳಿ.

ಇನ್ನೊಂದು ಮಾತು. ನಮ್ಮ ಮರಿ ವ್ಯಾಪಾರದಲ್ಲಿ 45 ದಿನ ಎಂಬುದು ಗಾದೆಯಂತಾಗಿದೆ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರು ಎಲ್ಲಾ ಇಂಜೆಕ್ಷನ್ ಆಗಿದೆ ಎಂದರೆ ಕಾರ್ಡು ಕೇಳಿ. ಅದರಲ್ಲಿ ಲಸಿಕೆ ಬಾಟಲಿಯ ಸ್ಟಿಕ್ಕರ್, ತಾರೀಖು, ವೈದ್ಯರ ಸಹಿ ಮೂರೂ ಇರಬೇಕು. ಬರಿ ಟಿಕ್ ಗುರುತನ್ನು ನಾನು ಲಸಿಕೆ ಎಂದು ಎಣಿಸುವುದಿಲ್ಲ.

ಲಸಿಕೆ ಮುಗಿಯುವವರೆಗೆ ಮರಿಯನ್ನು ಕೋಣೆಯಲ್ಲೇ ಕೂಡಿಹಾಕಬೇಕೆಂದಲ್ಲ. ಮೂರರಿಂದ 14 ವಾರದವರೆಗಿನ ದಿನಗಳಲ್ಲಿ ಅದು ಲೋಕವನ್ನು ನೋಡದಿದ್ದರೆ ಮುಂದೆ ಎಲ್ಲದಕ್ಕೂ ಹೆದರುವ ನಾಯಿಯಾಗುತ್ತದೆ. ಎತ್ತಿಕೊಂಡು ಬೀದಿ ತೋರಿಸಿ, ಬಸ್ಸಿನ ಸದ್ದು ಕೇಳಿಸಿ. ನೆಲಕ್ಕೆ ಮಾತ್ರ ಬಿಡಬೇಡಿ.

ಮರಿ ಒಂದು ಹೊತ್ತು ಊಟ ಬಿಟ್ಟು, ವಾಂತಿ ಮಾಡಿ, ಮೂಲೆ ಸೇರಿತೆಂದರೆ ರಕ್ತಭೇದಿ ಶುರುವಾಗಲಿ ಎಂದು ಕಾಯಬೇಡಿ. ಪಾರ್ವೋಕ್ಕೆ ನೇರ ಮದ್ದಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಮೈಯ ನೀರು ಉಳಿಸಿಕೊಳ್ಳುವುದೇ ಚಿಕಿತ್ಸೆ. ಮೊದಲ ದಿನವೇ ಬಂದವುಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಮೂರನೇ ದಿನ ಬಂದವುಗಳ ಬಗ್ಗೆ ಹಾಗೆ ಹೇಳಲಾರೆ.

ಪ್ರಶ್ನೆ: ಬೀದಿಯಲ್ಲಿ ಸಿಕ್ಕ ಎರಡು ತಿಂಗಳ ಮರಿಯನ್ನು ತಂದು ಸಾಕುತ್ತಿದ್ದೇವೆ. ನಿನ್ನೆ ಆಡುವಾಗ ಮಗನ ಕೈಗೆ ಹಲ್ಲು ತಾಗಿ ಸ್ವಲ್ಪ ರಕ್ತ ಬಂತು. ಅತ್ತೆ ಅರಿಶಿನ ಹಚ್ಚಿದ್ದಾರೆ. ಮರಿಗಳಿಗೆಲ್ಲ ಹುಚ್ಚು ಬರಲ್ಲ ಅಂತಾರೆ. (ಮೈಸೂರು)

ನಿಮಗೆ ಅಂಚೆಯಲ್ಲಿ ಅಂದೇ ಉತ್ತರಿಸಿದ್ದೇನೆ, ಉಳಿದವರಿಗಾಗಿ ಇಲ್ಲಿ. ಮರಿಗಳಿಗೂ ರೇಬೀಸ್ ಬರುತ್ತದೆ. ಬೀದಿಯ ಮರಿಗೆ ಅಲ್ಲಿ ಯಾವ ನಾಯಿ ಕಚ್ಚಿತ್ತೋ ಯಾರಿಗೆ ಗೊತ್ತು? ಹಲ್ಲು ತಾಗಿದ ಕೂಡಲೇ ನಲ್ಲಿಯ ಕೆಳಗೆ ಕೈ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಯೇ ತೊಳೆಯಿರಿ, ಅದು ನಾವೆಣಿಸಿದ್ದಕ್ಕಿಂತ ಬಹಳ ಹೊತ್ತು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ಹಚ್ಚಿದ್ದರೆ ತೊಳೆದುಬಿಡಿ. ತಡವಾಯಿತೆಂದು ಬಿಡಬೇಡಿ, ಮಾರನೆಯ ದಿನವಾದರೂ ತೊಳೆದು ಆಸ್ಪತ್ರೆಗೆ ಹೋಗಿ.

ರಕ್ತ ಬಂದಿದೆ ಎಂದರೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೂಡ ಚುಚ್ಚಬೇಕು. ವೈದ್ಯರಿಗೆ ರಕ್ತ ಬಂದದ್ದನ್ನು ಮರೆಯದೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಮರಿಯನ್ನು ಹತ್ತು ದಿನ ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ. ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ಸು ಇದ್ದಿದ್ದರೆ ಮರಿ ಹತ್ತು ದಿನ ಬದುಕಿರುವುದಿಲ್ಲ. ಹತ್ತು ದಿನ ನೋಡಿ ಆಮೇಲೆ ಇಂಜೆಕ್ಷನ್ ಎಂಬ ಲೆಕ್ಕಾಚಾರ ಮಾತ್ರ ಬೇಡ. ಇಂಜೆಕ್ಷನ್ ಮೊದಲು ಶುರುವಾಗಲಿ.

ಮರಿಗೆ ಮೂರು ತಿಂಗಳು ತುಂಬಿದೊಡನೆ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ. ಆಟದ ಕಚ್ಚುವಿಕೆಗೆ ಮೂತಿಗೆ ಹೊಡೆಯಬೇಡಿ. ಹಲ್ಲು ತಾಗಿದೊಡನೆ ಆಟ ನಿಲ್ಲಿಸಿ ಎದ್ದುಹೋಗಿ. ಹಾಲುಹಲ್ಲು ಬಿದ್ದು ಆರು ತಿಂಗಳಾಗುವ ಹೊತ್ತಿಗೆ ಕಾಟ ಕಡಿಮೆಯಾಗುತ್ತದೆ.

ಪ್ರಶ್ನೆ: ಹಬ್ಬಕ್ಕೆ ತಂದ ಒಣದ್ರಾಕ್ಷಿಯನ್ನು ನಮ್ಮ ನಾಯಿ ಒಂದು ಹಿಡಿ ತಿಂದಿತ್ತು. ಏನೂ ಆಗಲಿಲ್ಲ. ದ್ರಾಕ್ಷಿ ವಿಷ ಅನ್ನುವುದು ಸುಳ್ಳಲ್ಲವೇ? (ಹುಬ್ಬಳ್ಳಿ)

ಸುಳ್ಳಲ್ಲ, ನಿಮ್ಮ ನಾಯಿಯ ಅದೃಷ್ಟ ಚೆನ್ನಾಗಿತ್ತು. ಕೆಲವು ನಾಯಿಗಳು ತಿಂದು ಅರಗಿಸಿಕೊಳ್ಳುತ್ತವೆ. ಕೆಲವಕ್ಕೆ ನಾಲ್ಕಾರು ಕಾಳಿಗೇ ಕಿಡ್ನಿ ಕೆಡುತ್ತದೆ. ಯಾವ ನಾಯಿ ಯಾವ ಗುಂಪಿನದೆಂದು ಮೊದಲೇ ತಿಳಿಯುವ ದಾರಿಯಿಲ್ಲ. ಮೊದಲು ವಾಂತಿ, ಒಂದೆರಡು ದಿನದಲ್ಲಿ ಮೂತ್ರ ಕಡಿಮೆ. ಅಷ್ಟು ಹೊತ್ತಿಗೆ ನಮ್ಮ ಕೈ ಮೀರಿರುತ್ತದೆ. ತಿಂದ ಎರಡು ಗಂಟೆಯೊಳಗೆ ಕರೆತಂದರೆ ವಾಂತಿ ಮಾಡಿಸಬಹುದು. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೂ ವಿಷವಾಗುತ್ತದೆ.

ನಮ್ಮ ಅಡುಗೆಮನೆಯಲ್ಲಿ ದ್ರಾಕ್ಷಿಗಿಂತ ದಿನನಿತ್ಯದ ಅಪಾಯ ಈರುಳ್ಳಿ, ಬೆಳ್ಳುಳ್ಳಿ. ಮಿಕ್ಕ ಹುಳಿಯನ್ನು ಅನ್ನಕ್ಕೆ ಕಲಸಿ ಹಾಕುವ ಮನೆಗಳಲ್ಲಿ ನಿಧಾನವಾಗಿ ರಕ್ತ ಕಡಿಮೆಯಾದ ನಾಯಿಗಳನ್ನು ನೋಡಿದ್ದೇನೆ. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಲ್ಲಿ, ಕರುಳಲ್ಲಿ ಚುಚ್ಚಿಕೊಳ್ಳುತ್ತದೆ. ಚಾಕೊಲೇಟ್ ಬೇಡ. ಕಾಲು ಕುಂಟಿತೆಂದು ನಿಮ್ಮ ಮಂಡಿನೋವಿನ ಮಾತ್ರೆಯನ್ನು ಅರ್ಧ ಮುರಿದು ಕೊಡುವುದಂತೂ ಬೇಡವೇ ಬೇಡ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೂ ಕೈಹಾಕುತ್ತವೆ.

ಪ್ರಶ್ನೆ: ನಾಯಿಗೆ ಉಣುಗು ವಿಪರೀತ. ಎಷ್ಟು ಕಿತ್ತರೂ ಮತ್ತೆ ಹತ್ತುತ್ತವೆ. ತೋಟಕ್ಕೆ ಹೊಡೆಯುವ ಔಷಧಿ ಹಚ್ಚಬಹುದೇ? ಇದರಿಂದಲೇ ಮಂಗನ ಕಾಯಿಲೆ ಬರುತ್ತದೆಯೇ? (ಸೊರಬ)

ಹಚ್ಚಬೇಡಿ. ತೋಟದ ಔಷಧಿ ಹಚ್ಚಿಸಿಕೊಂಡು ಜೊಲ್ಲು ಸುರಿಸುತ್ತಾ ನಡುಗುತ್ತಾ ಬರುವ ನಾಯಿಗಳು ಪ್ರತಿ ವರ್ಷ ನಮ್ಮಲ್ಲಿಗೆ ಬರುತ್ತವೆ, ಎಲ್ಲವೂ ಹಿಂತಿರುಗುವುದಿಲ್ಲ. ಸೀಮೆಎಣ್ಣೆಯೂ ಬೇಡ. ಮತ್ತೆ ಮತ್ತೆ ಹತ್ತುವುದೇಕೆಂದರೆ, ಮನೆನಾಯಿಯ ಕಂದು ಉಣುಗು ಬದುಕಿನ ಹೆಚ್ಚು ಭಾಗ ಕಳೆಯುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ, ನಾಯಿಗೂಡಿನ ಹಲಗೆಯ ಸಂದಿಯಲ್ಲಿ. ಒಂದೊಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ಮೈಗೆ ಮದ್ದು, ಬಿರುಕಿಗೆ ಸಿಮೆಂಟು, ಎರಡೂ ಆಗಬೇಕು. ಮೈಗೆ ಹಾಕುವ ಹನಿ ಅಥವಾ ನುಂಗಿಸುವ ಮಾತ್ರೆಯನ್ನು ತೂಕ ನೋಡಿ ಕೊಡಬೇಕು. ಮನೆಯಲ್ಲಿ ಬೆಕ್ಕಿದ್ದರೆ ಮೊದಲೇ ಹೇಳಿ, ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲಬಲ್ಲದು.

1957ರಲ್ಲಿ ನಿಮ್ಮ ತಾಲ್ಲೂಕಿನ ಕ್ಯಾಸನೂರಿನಲ್ಲೇ ಮೊದಲು ಗುರುತಿಸಿದ ಕಾಯಿಲೆಯಾದ್ದರಿಂದ ನಿಮ್ಮ ಆತಂಕ ಸಹಜ. ಅದನ್ನು ಹರಡುವುದು ಮುಖ್ಯವಾಗಿ ಕಾಡಿನ ಉಣುಗು, ಜಾತಿ ಬೇರೆ. ಆದರೆ ಕಾಡಿಗೆ ನುಗ್ಗಿ ಬರುವ ನಾಯಿ ಅದನ್ನೂ ಹೊತ್ತು ತರಬಹುದು. ಮಂಗನ ಕಾಯಿಲೆಯ ಸೀಸನ್ನಿನಲ್ಲಿ, ಅಂದರೆ ಚಳಿಗಾಲದಿಂದ ಬೇಸಿಗೆಯವರೆಗೆ, ನಾಯಿಯನ್ನು ಕಾಡಿಗೆ ಬಿಡಬೇಡಿ. ಉಣುಗನ್ನು ಬೆರಳಲ್ಲಿ ಹಿಸುಕದೆ ಚಿಮುಟದಿಂದ ಬುಡದಲ್ಲಿ ಹಿಡಿದು ಎಳೆಯಿರಿ.

ನಾಯಿ ಮಂಕಾಗಿ, ವಸಡು ಬಿಳಿಚಿಕೊಂಡು, ಮೂಗಿನಲ್ಲಿ ರಕ್ತ ಬಂದರೆ ಅದು ನಾಯಿಯದೇ ಉಣುಗು ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ. ಎರ್ಲಿಕಿಯಾ (ಉಣುಗಿನಿಂದ ಹರಡುವ ಬ್ಯಾಕ್ಟೀರಿಯಾ) ಎಂದಾದರೆ ಡಾಕ್ಸಿಸೈಕ್ಲಿನ್ 28 ದಿನ, ಊಟದ ಜೊತೆ. ಐದನೇ ದಿನಕ್ಕೆ ನಾಯಿ ಕುಣಿದಾಡತೊಡಗುತ್ತದೆ, ಜನ ಮಾತ್ರೆ ನಿಲ್ಲಿಸುತ್ತಾರೆ, ಎರಡು ತಿಂಗಳಿಗೆ ಮತ್ತೆ ನನ್ನ ಮುಂದಿರುತ್ತಾರೆ.

ಪ್ರಶ್ನೆ: ನಮ್ಮದು ಒಂದೂವರೆ ವರ್ಷದ ಮುಧೋಳ. ಪಕ್ಕೆಲುಬು ಕಾಣುತ್ತದೆ, ಅಪಾರ್ಟ್‌ಮೆಂಟಿನವರು ಊಟ ಹಾಕಲ್ವಾ ಅಂತಾರೆ. (ಬೆಂಗಳೂರು)

ಹಾಕುತ್ತೀರಿ ಎಂದು ನಂಬುತ್ತೇನೆ. ಓಡುವುದಕ್ಕೆಂದೇ ಬೆಳೆದ ತಳಿ ಅದು. ಹಿಂದಿನ ಎರಡು ಮೂರು ಎಲುಬು ಕಾಣುವುದು, ಹೊಟ್ಟೆ ಒಳಸರಿದಿರುವುದು ಅದರ ರೂಪ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಾಗಲೂ ಹಾಗೇ ಇತ್ತು. ಬೆನ್ನುಮೂಳೆ ಮುಟ್ಟಿದರೆ ಗರಗಸದಂತೆ ಚುಚ್ಚಿದರೆ, ಕೂದಲು ಹೊಳಪು ಕಳೆದುಕೊಂಡಿದ್ದರೆ ಜಂತುಹುಳಕ್ಕೆ ಮಲ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ನೆರೆಯವರ ಬಾಯಿ ಮುಚ್ಚಿಸಲೆಂದು ದಪ್ಪ ಮಾಡಬೇಡಿ.

ನನ್ನ ಚಿಂತೆ ಬೇರೆಯೇ. ಈ ನಾಯಿಗಳ ತಲೆ ಕುತ್ತಿಗೆಗಿಂತ ಸಣ್ಣ, ಸಾಮಾನ್ಯ ಬೆಲ್ಟು ಸುಲಭವಾಗಿ ಕಳಚುತ್ತದೆ. ಎಳೆದರೆ ಬಿಗಿಯಾಗುವ ಅಗಲದ ಮಾರ್ಟಿಂಗೇಲ್ ಬೆಲ್ಟು ಕೊಳ್ಳಿ. ಬಿಟ್ಟು ಓಡಿಸಬೇಕೆಂದರೆ ಸುತ್ತ ಬೇಲಿ ಇರುವ ಜಾಗವೇ ಆಗಬೇಕು. ಬೆಕ್ಕಿನ ಹಿಂದೆ ಬಿದ್ದ ಮುಧೋಳವನ್ನು ಹೆಸರು ಕೂಗಿ ನಿಲ್ಲಿಸಿದವರನ್ನು ನಾನಿನ್ನೂ ಕಂಡಿಲ್ಲ.