ಹಾಡು ನನ್ನ ಬಗ್ಗೆ, ಹಣದಲ್ಲಿ ನನಗೆ ಪಾಲಿಲ್ಲವೇ?

ಪ್ರಶ್ನೆ: ನಾನು ಸಾಗರದವಳು. ನಾಲ್ಕು ವರ್ಷ ಪ್ರೀತಿಸಿದ ಹುಡುಗ ಹಾಡುಗಾರ. ನಾವು ದೂರವಾದ ಮೇಲೆ ಅವನು ಬರೆದು ಹಾಡಿದ ವಿರಹಗೀತೆಯನ್ನು ಯೂಟ್ಯೂಬಿನಲ್ಲಿ ಲಕ್ಷಾಂತರ ಜನ ಕೇಳಿದ್ದಾರೆ. ಈಗ ಬೆಂಗಳೂರಿನ ಆಡಿಯೋ ಕಂಪನಿಯೊಂದು ಅದನ್ನು ಕೊಂಡಿದೆ. ಅದರ ಪಲ್ಲವಿ ನಾನು ಅವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದ ಮಾತು: ‘ಮಳೆ ನಿಂತರೂ ಮರದ ಹನಿ ನಿಲ್ಲದು, ಆ ಮರದ ಕೆಳಗೇ ಕೊಡೆ ಮಡಚಿ ನಿಂತಿದ್ದೇನೆ, ನೆನೆದದ್ದನ್ನು ಯಾರ ಲೆಕ್ಕಕ್ಕೆ ಬರೆಯಲಿ?’ ಎರಡನೇ ಚರಣದಲ್ಲಿ ಮಾರಿಜಾತ್ರೆಯ ತೊಟ್ಟಿಲು ಇದೆ, ನಮ್ಮ ಬೀದಿಯ ಹೆಸರಿದೆ, ಸಂಬಳ ನೋಡಿ ನಾನು ಬಿಟ್ಟುಹೋದೆ ಎಂಬ ಸುಳ್ಳೂ ಇದೆ. ಅಂಗಡಿಗೆ ಹೋದರೆ ಹುಡುಗರು ಗುನುಗುತ್ತಾರೆ. ನನ್ನ ನೋವಿನಿಂದ ಬಂದ ಹಣದಲ್ಲಿ ನನಗೆ ಪಾಲು ಬರುವುದಿಲ್ಲವೇ?
– ಹೆಸರು ಬೇಡ, ಸಾಗರ

ಉತ್ತರ: ಹಾಡು ನಿಮ್ಮ ಬಗ್ಗೆ ಇದೆ ಎಂಬ ಒಂದೇ ಕಾರಣಕ್ಕೆ ಪಾಲು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಹಕ್ಕು ಕೊಡುವುದು ಸಾಹಿತ್ಯ ಬರೆದವರಿಗೆ, ರಾಗ ಸಂಯೋಜಿಸಿದವರಿಗೆ, ಹಾಡಿದವರಿಗೆ, ಧ್ವನಿಮುದ್ರಣ ಮಾಡಿಸಿದವರಿಗೆ. ಬರೆಯಲು ಕಾರಣರಾದವರಿಗೆ ಅಲ್ಲಿ ಜಾಗವಿಲ್ಲ. ಇರಬಾರದು ಎಂದೇ ನಾನೂ ನಂಬುತ್ತೇನೆ. ಆ ನಾಲ್ಕು ವರ್ಷಗಳನ್ನು ಇಬ್ಬರೂ ಬದುಕಿದ್ದೀರಿ, ಅದರ ಕತೆ ಹೇಳುವ ಅಧಿಕಾರ ಇಬ್ಬರಿಗೂ ಇದೆ. ನಾಳೆ ನೀವೇ ಅದನ್ನು ಕಾದಂಬರಿಯಾಗಿ ಬರೆದರೆ ಅವನು ಬಂದು ಗೌರವಧನದಲ್ಲಿ ಅರ್ಧ ಕೇಳುವಂತಾಗಬಾರದು.

ಇಂಥ ಸಂದರ್ಭದಲ್ಲಿ ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ ಉದಾಹರಣೆ ಕೊಡುವವರಿದ್ದಾರೆ. 1977ರಲ್ಲಿ ಅವರಿಗೂ ಪತ್ನಿ ಆ್ಯನಾ ಗಾರ್ಡಿ ಅವರಿಗೂ ವಿಚ್ಛೇದನವಾಯಿತು. ಕೈಯಲ್ಲಿ ಹಣವಿರಲಿಲ್ಲ, ಮುಂದಿನ ಆಲ್ಬಂನ ಮುಂಗಡ ಮತ್ತು ಗಳಿಕೆಯಿಂದ 6 ಲಕ್ಷ ಡಾಲರ್ ಕೊಡುವುದೆಂದು ಇತ್ಯರ್ಥವಾಯಿತು. 1978ರಲ್ಲಿ ಬಂದ ಆ ಆಲ್ಬಂ ತುಂಬ ಮುರಿದ ದಾಂಪತ್ಯದ ಹಾಡುಗಳೇ ಇದ್ದವು. ಆದರೆ ಆಕೆಗೆ ಹಣದ ಹಕ್ಕು ಬಂದದ್ದು ವಿಚ್ಛೇದನದ ಒಪ್ಪಂದದಿಂದ. ಅವರು ಬೇರೆ ಯಾವ ವಿಷಯದ ಮೇಲೆ ಹಾಡಿದ್ದರೂ ಆ ಹಣ ಸಲ್ಲಬೇಕಿತ್ತು.

ಪಲ್ಲವಿಯ ವಿಷಯ ಮಾತ್ರ ಬೇರೆ. ಅದನ್ನು ನೀವು ಸುಮ್ಮನೆ ಬಿಡಬಾರದು.

ಸಂದೇಶ ಅವನ ಮೊಬೈಲಿಗೆ ಹೋಯಿತೆಂದ ಮಾತ್ರಕ್ಕೆ ಅದರಲ್ಲಿನ ಬರಹ ಅವನದಾಗುವುದಿಲ್ಲ. ಪತ್ರದ ಕಾಗದ ಪಡೆದವರದು, ಬರಹದ ಹಕ್ಕು ಬರೆದವರದು. ವಾಟ್ಸ್‌ಆ್ಯಪ್‌ಗೂ ಇದೇ ನ್ಯಾಯ. ಆದರೆ ನಿಮ್ಮ ಸಾಲನ್ನು ವಕೀಲರ ಕಣ್ಣಿನಿಂದ ಒಮ್ಮೆ ನೋಡಿ. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬುದು ಗಾದೆ; ಅದು ನಿಮ್ಮದೂ ಅಲ್ಲ, ಅವನದೂ ಅಲ್ಲ. ಕೊಡೆ ಮಡಚಿ ಅದೇ ಮರದ ಕೆಳಗೆ ನಿಂತದ್ದು, ನೆನೆದದ್ದಕ್ಕೆ ಲೆಕ್ಕ ಕೇಳಿದ್ದು ನಿಮ್ಮದು. ಕೃತಿಸ್ವಾಮ್ಯ ಸಿಗಬೇಕಾದರೆ ಕನಿಷ್ಠ ಮಟ್ಟದ ಸೃಜನಶೀಲತೆ ಬೇಕೆಂದು 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದೆರಡು ಪದಗಳ ನುಡಿಗಟ್ಟಿಗೆ ನ್ಯಾಯಾಲಯಗಳು ಸುಲಭವಾಗಿ ರಕ್ಷಣೆ ಕೊಡುವುದಿಲ್ಲ. ನಿಮ್ಮದು ಅಷ್ಟು ಸಣ್ಣದಲ್ಲ, ಮೇಲಾಗಿ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಭಾಗವೇ ಅದು. ಜನ ಗುನುಗುತ್ತಿರುವುದು ಆ ಸಾಲನ್ನೇ ಎಂಬುದು ನಿಮಗೆ ನೋವು ಕೊಟ್ಟಿದೆ ನಿಜ, ದಾವೆಯಲ್ಲಿ ಅದೇ ನಿಮ್ಮ ಬಲ.

ಆದರೂ ‘ಜಂಟಿ ಕರ್ತೃ, ಅರ್ಧ ಪಾಲು’ ಎಂದು ನೋಟಿಸ್ ಕೊಡಬೇಡಿ. ಕಾಯ್ದೆಯ ಪ್ರಕಾರ ಜಂಟಿ ಕೃತಿ ಎಂದರೆ ಇಬ್ಬರೂ ಸೇರಿ ಕಟ್ಟಿದ್ದು, ಯಾರದು ಎಷ್ಟು ಎಂದು ಬಿಡಿಸಲಾಗದ್ದು. ನಿಮ್ಮ ಸಾಲು ಬಿಡಿಯಾಗಿಯೇ ಇದೆ, ಅದನ್ನು ಹಾಡಿಗಾಗಿ ನೀವು ಬರೆದದ್ದೂ ಅಲ್ಲ. ಹಾಗಾಗಿ ನಿಮ್ಮ ವಾದ ‘ನನ್ನ ಬರಹವನ್ನು ಅನುಮತಿಯಿಲ್ಲದೆ ಬಳಸಿದ್ದಾರೆ’ ಎಂಬುದು. ಪಕ್ಕದವರ ಮರದ ಅಡಿಕೆ ಕೊನೆಯನ್ನೂ ಸೇರಿಸಿ ತೋಟದ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟಂತೆ, ತನ್ನದಲ್ಲದ್ದನ್ನೂ ಅವನು ಕಂಪನಿಗೆ ಬರೆದುಕೊಟ್ಟಿದ್ದಾನೆ. ಇದಕ್ಕೆ ತಡೆಯಾಜ್ಞೆ, ನಷ್ಟಪರಿಹಾರ, ಗಳಿಸಿದ ಲಾಭದ ಲೆಕ್ಕ ಕೇಳಲು 55ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಕಂಪನಿ ಬೆಂಗಳೂರಿನಲ್ಲಿದೆ ಎಂದು ನೀವು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ದಾವೆ ಹೂಡುವವರು ವಾಸವಿರುವ ಜಿಲ್ಲೆಯಲ್ಲೇ ಹೂಡಬಹುದು ಎಂದು 62ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಮಟ್ಟಿಗೆ ಅದು ಶಿವಮೊಗ್ಗ ಜಿಲ್ಲೆ. ಪರಿಹಾರ ಕೇಳಲು ಮೂರು ವರ್ಷಗಳ ಕಾಲಮಿತಿ ಇದೆ, ಮರೆಯಬೇಡಿ. ದಾವೆಗೆ ಮೊದಲೇ ಹಾಡು ಇಳಿಸಬೇಕಿದ್ದರೆ 2013ರ ಕೃತಿಸ್ವಾಮ್ಯ ನಿಯಮಗಳಂತೆ ಜಾಲತಾಣಕ್ಕೆ ಲಿಖಿತ ದೂರು ಕೊಡಬಹುದು. 36 ಗಂಟೆಗಳೊಳಗೆ ಅವರು ಕ್ರಮ ಕೈಗೊಳ್ಳಬೇಕು. ಆದರೆ 21 ದಿನಗಳೊಳಗೆ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಹಾಡು ಮತ್ತೆ ಮೇಲೇರಬಹುದು.

ಇವೆಲ್ಲಕ್ಕೂ ಆಧಾರ ಆ ಸಂದೇಶ. ಬೇಸರದಲ್ಲಿ ಚಾಟ್ ಅಳಿಸಿಬಿಡುವವರನ್ನು ನಾನು ಬಹಳ ನೋಡಿದ್ದೇನೆ, ನೀವು ಹಾಗೆ ಮಾಡಬೇಡಿ. ಹಳೆಯ ಮೊಬೈಲ್ ಮಾರಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ, ಆ ಪ್ರತಿಯನ್ನು ಯಾವ ಸಾಧನದಿಂದ ಹೇಗೆ ತೆಗೆಯಲಾಯಿತು ಎಂದು ದೃಢೀಕರಿಸುವ ಪ್ರಮಾಣಪತ್ರವೂ ಜೊತೆಗಿರಬೇಕು.

ಇನ್ನು ಎರಡನೇ ಚರಣ. ಇಲ್ಲಿ ನನಗೆ ಕೋಪ ಬರುತ್ತದೆ. ವಿರಹ ಹಾಡಲು ಬೀದಿಯ ಹೆಸರು ಬೇಕಾಗಿರಲಿಲ್ಲ. ವ್ಯಕ್ತಿಯ ಖಾಸಗಿ ಬದುಕನ್ನು ಅವರ ಒಪ್ಪಿಗೆಯಿಲ್ಲದೆ, ಅದು ನಿಜವಾಗಿರಲಿ ಸುಳ್ಳಾಗಿರಲಿ, ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ, ಪ್ರಕಟಿಸುವಂತಿಲ್ಲ ಎಂದು 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಬಳದ ಸುಳ್ಳು ಮಾನಹಾನಿಯೂ ಆಗಬಹುದು. ನಿಮ್ಮ ಹೆಸರು ಹೇಳಿಲ್ಲ ಎಂದು ಅವನು ತಪ್ಪಿಸಿಕೊಳ್ಳಲಾಗದು. ಬಲ್ಲವರು ಗುರುತು ಹಿಡಿದರೆ ಸಾಕು, ಸಾಗರದಲ್ಲಿ ಹಿಡಿದಿದ್ದಾರೆ. ಒಂದು ಎಚ್ಚರಿಕೆ: ಸ್ವತಃ ವಿವಾದಕ್ಕೆ ಇಳಿದವರ ವಿಷಯ ಬೇರೆಯಾಗಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಹಾಡಿನ ಕೆಳಗೆ ಹೋಗಿ ‘ಅದು ನಾನೇ, ನಿಜ ಏನೆಂದರೆ’ ಎಂದು ಬರೆಯುವ ಆಸೆ ಎಷ್ಟೇ ಇರಲಿ, ತಡೆದುಕೊಳ್ಳಿ.

ಈಗ ನೀವೇ ನಿರ್ಧರಿಸಬೇಕಾದದ್ದು ಒಂದಿದೆ. ಚರಣ ನನ್ನ ಮಾನ ಕಳೆಯುತ್ತಿದೆ, ತೆಗೆಯಿರಿ ಎಂದು ಒಂದು ಕಡೆ ಹೇಳಿ, ಅದೇ ಚರಣದ ಗಳಿಕೆಯಲ್ಲಿ ಮುಂದೆಯೂ ಪಾಲು ಬರಲಿ ಎಂದು ಇನ್ನೊಂದು ಕಡೆ ಹೇಳಿದರೆ ಎದುರು ಪಕ್ಷದ ವಕೀಲರು ಎರಡನ್ನೂ ಹಿಡಿದು ಎಳೆಯುತ್ತಾರೆ. ಹಣದ ಬೇಡಿಕೆ ಪಲ್ಲವಿಗೆ ಮಾತ್ರ ಇರಲಿ, ಚರಣದ ಬೇಡಿಕೆ ತೆಗೆಯುವುದಕ್ಕೆ ಮಾತ್ರ ಇರಲಿ. ಸಾಹಿತ್ಯದಲ್ಲಿ ನಿಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕು ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್‌ನಡಿ ಇದೆ. ಆದರೆ ಹೆಸರು ಬಂದರೆ ಊರಿನ ಊಹೆಗೆ ಮುದ್ರೆ ಬೀಳುತ್ತದೆ. ಹೆಸರಿಲ್ಲದೆ ಹಣ ಪಡೆದು, ಚರಣ ಬದಲಿಸಿ ಮತ್ತೆ ಧ್ವನಿಮುದ್ರಣ ಮಾಡುವಂತೆ ರಾಜಿಯಲ್ಲಿ ಬರೆಸಿಕೊಳ್ಳಬಹುದು. ಆಡಿಯೋ ಕಂಪನಿಗಳು ವ್ಯಾಜ್ಯವಿರುವ ಹಾಡನ್ನು ಇಟ್ಟುಕೊಳ್ಳಲು ಇಷ್ಟಪಡುವುದಿಲ್ಲ. ಹಾಗಾಗಿ ಮೊದಲ ನೋಟಿಸ್ ಅವನಿಗಷ್ಟೇ ಅಲ್ಲ, ಕಂಪನಿಗೂ ಹೋಗಲಿ.

ಪ್ರಶ್ನೆ: ವಿಚ್ಛೇದನದ ಪ್ರಕರಣ ನಡೆಯುತ್ತಿದೆ. ಪತಿ ಗೀತರಚನೆಕಾರ. ಮದುವೆಯಾಗಿದ್ದಾಗ ಬರೆದ ಹಾಡುಗಳಲ್ಲಿ ನನಗೆ ಅರ್ಧ ಹಕ್ಕಿದೆಯೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಅರ್ಧ ಹಕ್ಕು ಇಲ್ಲ. ಮದುವೆಯ ಅವಧಿಯ ಗಳಿಕೆ ಇಬ್ಬರಿಗೂ ಸಮ ಎಂಬ ನಿಯಮ ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿದೆ, ನಮ್ಮಲ್ಲಿಲ್ಲ. ಆದರೆ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್‌ನಡಿ ಜೀವನಾಂಶ ನಿಗದಿ ಮಾಡುವಾಗ ಅವರ ಎಲ್ಲ ಆದಾಯವೂ ಲೆಕ್ಕಕ್ಕೆ ಬರುತ್ತದೆ, ಹಾಡುಗಳ ಬಳಕೆಗೆ ಸಿಗುವ ರಾಯಧನವೂ (ರಾಯಲ್ಟಿ) ಸೇರಿ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದಲ್ಲಿ ಸಿನಿಮಾದೊಂದಿಗೆ ಬಳಕೆಯಾಗುವುದನ್ನು ಬಿಟ್ಟು ಉಳಿದ ಬಳಕೆಗೆ ಸಿಗುವ ರಾಯಧನವನ್ನು ಗೀತರಚನೆಕಾರರು ನಿರ್ಮಾಪಕರಿಗೆ ಬಿಟ್ಟುಕೊಡುವಂತಿಲ್ಲ. ‘ಹಕ್ಕೆಲ್ಲ ಮಾರಿಬಿಟ್ಟಿದ್ದೇನೆ, ಏನೂ ಬರುವುದಿಲ್ಲ’ ಎಂಬ ಮಾತನ್ನು ಹಾಗಾಗಿ ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ. 2020ರ ರಜನೇಶ್ ಪ್ರಕರಣದ ತೀರ್ಪಿನಂತೆ ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಅವರ ಪ್ರಮಾಣಪತ್ರದಲ್ಲಿ ರಾಯಧನ ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ, ರಾಯಧನ ಸಂಗ್ರಹಿಸಿ ಗೀತರಚನೆಕಾರರಿಗೆ ಹಂಚುವ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಿಂದ ಅವರಿಗೆ ಪಾವತಿಯಾದ ಹಣದ ವಿವರ ತರಿಸುವಂತೆ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿ.